ಶಾಲೆಯ ದಫ್ತರ ಮತ್ತು ಅದರ ಗುಮಾಸ್ತರು

ನಾನು ಬಹುಕಾಲ ಪಾಠ ಹೇಳಿದ ಪ್ರೌಢಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸಿದಾಗ ಒಂದು ಸ್ಮರಣ ಸಂಚಿಕೆಯನ್ನು ಹೊರತಂದೆವು. ಸಮಾಜ ವಿಜ್ಞಾನದ ಮೇಷ್ಟ್ರೆಂಬ ಕಾರಣಕ್ಕೆ ಶಾಲೆಯ ಇತಿಹಾಸವನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತು. ಮುಖ್ಯೋಪಾಧ್ಯಾಯರ ಪಟ್ಟಿ, ನಿವೇಶನ ದಾನ ಮಾಡಿದವರ ಭಾವಚಿತ್ರ, ವರ್ಷವರ್ಷದ ಫಲಿತಾಂಶ, ಆಟೋಟಗಳ ಪಾರಿತೋಷಕಗಳು, ಹೀಗೆ ಹನ್ನೆರಡು ಪುಟಗಳಷ್ಟು ಬರೆದೆ. ಸಂಚಿಕೆ ಅಚ್ಚಾಗಿ ಹಂಚಿಕೆಯಾದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಬಳಿಗೆ ಬಂದು, "ಸಾರ್, ನಮಗೆಲ್ಲ ಟಿ.ಸಿ. ಬರೆದುಕೊಟ್ಟ ಗುಮಾಸ್ತರ ಹೆಸರು ಎಲ್ಲೂ ಕಾಣಲಿಲ್ಲವಲ್ಲ" ಎಂದ. ನನಗೆ ತಲೆ ತಗ್ಗಿಸುವಂತಾಯಿತು. ಏಕೆಂದರೆ ಆ ಹನ್ನೆರಡು ಪುಟಗಳಲ್ಲಿದ್ದ ಇಸವಿಗಳನ್ನೂ ಸಂಖ್ಯೆಗಳನ್ನೂ ನಾನು ಎತ್ತಿಕೊಂಡದ್ದು ಅವರೇ ಬರೆದಿಟ್ಟ ರಿಜಿಸ್ಟರುಗಳಿಂದ. ಆ ಲೋಪವನ್ನು ಸ್ವಲ್ಪವಾದರೂ ತುಂಬಿಕೊಡುವ ಪ್ರಯತ್ನ ಈ ಲೇಖನ. ಅವರ ಹೆಸರನ್ನು ನಾನು ಹೇಳಬೇಕಾದ್ದಿಲ್ಲ. ನಿಮ್ಮ ನಿಮ್ಮ ಟಿ.ಸಿ.ಯನ್ನು ತೆಗೆದು ನೋಡಿರಿ. ಮುಖ್ಯೋಪಾಧ್ಯಾಯರ ದೊಡ್ಡ ಸಹಿಯ ಎಡಗಡೆ ಮೂಲೆಯಲ್ಲಿ ಒಂದು ಚಿಕ್ಕ ರುಜು ಇದೆ.

ಮೊದಲಿಗೆ ಈ ಹುದ್ದೆ ಎಲ್ಲಿಂದ ಬಂತೆಂಬುದನ್ನು ನೋಡೋಣ. ನಮ್ಮ ಹಿಂದಿನವರು ಓದಿದ್ದು ಕೂಲಿಮಠಗಳಲ್ಲಿ. ಮಠದ ಐಗಳಿಗೆ ಹಾಜರಿ ಪುಸ್ತಕ ಬೇಕಿರಲಿಲ್ಲ. ಜಗಲಿಯ ಮೇಲೆ ಕುಳಿತ ಹತ್ತು ಹನ್ನೆರಡು ಹುಡುಗರಲ್ಲಿ ಯಾರು ಬಂದಿಲ್ಲವೆಂಬುದು ಕಣ್ಣಿಗೇ ಕಾಣುತ್ತಿತ್ತು, ಮತ್ತು ಅವರಿಗೆ ಸಲ್ಲುತ್ತಿದ್ದ ಅಕ್ಕಿ ಬೇಳೆಗಳಿಗೆ ರಸೀದಿಯ ಹಂಗಿರಲಿಲ್ಲ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಕಲೆಕ್ಟರುಗಳನ್ನು ಕೇಳಿದನು. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳುಹಿಸಿದ ವರದಿಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂದಿದೆ. ಎಂದರೆ ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಂದಿ. ಕೆನರಾ ಜಿಲ್ಲೆಯ ಕಲೆಕ್ಟರನಾದರೋ ಅಂಥ ಪಟ್ಟಿಯನ್ನೇ ಕಳುಹಿಸಲಿಲ್ಲ. ಅಲ್ಲಿ ಓದು ಬಹುಮಟ್ಟಿಗೆ ಮನೆಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ, ಲೆಕ್ಕ ಹಾಕಿ ಫಲವಿಲ್ಲ ಎಂಬ ಉತ್ತರ ಕೊಟ್ಟನು. ಅದರ ಪರಿಣಾಮವಾಗಿ ಆ ಕಾಲದ ಕರಾವಳಿಯ ಮಕ್ಕಳ ಎಣಿಕೆ ಆ ಸಮೀಕ್ಷೆಯಲ್ಲಿ ನಮಗೆ ದೊರೆಯುವುದಿಲ್ಲ. ಅವರು ಓದಿದರು, ಬರೆದರು, ಆದರೆ ಲೆಕ್ಕಕ್ಕೆ ಸಿಕ್ಕಲಿಲ್ಲ.

1854ರ ವುಡ್ ಸಾಹೇಬನ ಸುತ್ತೋಲೆಯಿಂದ ಈ ಸ್ಥಿತಿ ಬದಲಾಯಿತು. ತರಗತಿಯಲ್ಲಿ ಅದನ್ನು ಎರಡು ಅಂಕದ ಪ್ರಶ್ನೆಯೆಂದು ನಿಮಗೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಅದರ ಒಂದು ಫಲವನ್ನು ಪಠ್ಯಪುಸ್ತಕ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಪ್ರಾಂತಕ್ಕೊಂದು ಶಿಕ್ಷಣ ಇಲಾಖೆ, ಖಾಸಗಿ ಶಾಲೆಗಳಿಗೆ ಸಹಾಯಧನ, ಅದನ್ನು ಪರಿಶೀಲಿಸಲು ಇನ್ಸ್‌ಪೆಕ್ಟರುಗಳು ಎಂಬುದು ಅದರ ಏರ್ಪಾಡು. ಸರ್ಕಾರ ಹಣ ಕೊಡಬೇಕಾದರೆ ಮಕ್ಕಳು ನಿಜವಾಗಿ ಇದ್ದಾರೆಂಬುದಕ್ಕೆ ಕಾಗದ ಬೇಕು. ಹಾಜರಿ ಪುಸ್ತಕ, ಪ್ರವೇಶ ಪುಸ್ತಕ, ಶುಲ್ಕದ ಲೆಕ್ಕ, ಸಂಬಳದ ಚೀಟಿ ಎಲ್ಲವೂ ಶಾಲೆಯೊಳಗೆ ಕಾಲಿಟ್ಟದ್ದು ಹೀಗೆ. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಏರ್ಪಟ್ಟಿತು. 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ರೂಪಿಸಿದವರು ಬಿ.ಎಲ್. ರೈಸ್. ಮುಂದೆ ಸಾವಿರಾರು ಶಿಲಾಶಾಸನಗಳನ್ನು ಓದಿ ಪ್ರಕಟಿಸಿದ ಅದೇ ರೈಸರು. ಹಳೆಯ ಕಲ್ಲುಗಳನ್ನು ಓದುವ ಮೊದಲು ಆ ಮಹನೀಯರು ಎಷ್ಟು ಶಾಲೆಗಳ ಹಾಜರಿ ಪುಸ್ತಕಗಳನ್ನು ಓದಿದ್ದರೋ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಬರೆದಿಡುವ ವಿದ್ಯೆ ನಮ್ಮ ಊರುಗಳಿಗೆ ಹೊಸದಾಗಿರಲಿಲ್ಲ. ಶಾನುಭೋಗರಿದ್ದರು, ಅವರ ಕಡತವಿತ್ತು. ಇಂದು ಕಡತವೆಂದರೆ ಫೈಲು ಎಂಬ ಅರ್ಥವಷ್ಟೇ ಉಳಿದಿದೆ. ಮೂಲದಲ್ಲಿ ಅದು ಬಟ್ಟೆ. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ತಪ್ಪಾದರೆ ಒರೆಸಿ ತಿದ್ದಬಹುದಾಗಿತ್ತು. ಇನ್ನು ದಫ್ತರ, ಗುಮಾಸ್ತ, ಹಾಜರಿ, ರಜೆ, ಜವಾನ ಎಂಬ ಮಾತುಗಳು ಪಾರಸಿ ಅರಬಿಗಳಿಂದ ಬಂದು ಕನ್ನಡವೇ ಆಗಿಹೋದವು. ಅವುಗಳ ಮೇಲೆ ಇಂಗ್ಲಿಷಿನ ಬಿಲ್ಲು, ವೋಚರು, ನಾಮಿನಲ್ ರೋಲುಗಳು ಬಂದು ಕುಳಿತವು. ಕನ್ನಡ ನಾಡಿನ ಆಡಳಿತದ ಚರಿತ್ರೆಯನ್ನು ತಿಳಿಯಬೇಕೆನ್ನುವವನು ಶಾಲೆಯ ಗುಮಾಸ್ತರ ಒಂದು ದಿನದ ಮಾತನ್ನು ಕೇಳಿದರೂ ಸಾಕಾಗುತ್ತಿತ್ತು.

1956ರ ನವೆಂಬರ್ 1ರಂದು ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದಾದವು. ನಾವು ಅದನ್ನು ಹಬ್ಬವಾಗಿ ಆಚರಿಸುತ್ತೇವೆ, ಆಚರಿಸಬೇಕಾದ್ದೇ. ಆದರೆ ಶಾಲಾ ಕಚೇರಿಗಳ ಮಟ್ಟಿಗೆ ಅದು ದೊಡ್ಡ ತಲೆನೋವೂ ಆಗಿದ್ದಿರಬೇಕು. ಮೈಸೂರಿನ ಗುಮಾಸ್ತರು ಧಾರವಾಡದ ಕಡೆ ಕಾರಕೂನರು. ಅಲ್ಲಿ ಏಳನೆಯ ಇಯತ್ತೆಯ ಮೇಲೆ ಮುಲ್ಕಿ ಪರೀಕ್ಷೆ, ಇಲ್ಲಿ ಲೋವರ್ ಸೆಕೆಂಡರಿ. ಹೈದರಾಬಾದು ಪ್ರಾಂತದ ಹಳೆಯ ದಾಖಲೆಗಳು ಉರ್ದುವಿನಲ್ಲಿದ್ದವು, ಮತ್ತು ನಿಜಾಮರ ಆಡಳಿತ ಫಸಲಿ ವರ್ಷವನ್ನು ಬಳಸುತ್ತಿತ್ತು. 1350ರ ಫಸಲಿಯೆಂದರೆ ನಮ್ಮ 1940-41. ಅಲ್ಲಿಯ ಪ್ರವೇಶ ಪುಸ್ತಕದಿಂದ ಒಬ್ಬನ ಹುಟ್ಟಿದ ದಿನವನ್ನು ತೆಗೆಯಬೇಕಾದರೆ 590ನ್ನು ಕೂಡಿಸಿ, ತಿಂಗಳನ್ನು ಹೊಂದಿಸಿ, ಆಮೇಲೆ ಬರೆಯಬೇಕು. ಇದು ಸಾಲದೆಂಬಂತೆ 1957ರ ಏಪ್ರಿಲ್ 1ರಿಂದ ನಯಾ ಪೈಸೆ ಜಾರಿಗೆ ಬಂದಿತು. ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಆದರೆ ಮೂರಾಣೆಗೆ 19. ಮೂವರು ಹುಡುಗರಿಂದ ಒಂದೊಂದಾಣೆಯಂತೆ ವಸೂಲಾದರೆ 18, ಒಬ್ಬನೇ ಮೂರಾಣೆ ಕಟ್ಟಿದರೆ 19! ಒಂದು ಪೈಸೆ ವ್ಯತ್ಯಾಸವಾದರೂ ನಗದು ಪುಸ್ತಕವನ್ನು ಮುಚ್ಚುವಂತಿಲ್ಲ.

ಇಷ್ಟೆಲ್ಲ ಕಾಗದಗಳ ನಡುವೆ ಒಬ್ಬ ಮನುಷ್ಯನ ಬದುಕಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ಪ್ರವೇಶ ಪುಸ್ತಕದ ಜನ್ಮ ದಿನಾಂಕದ ಅಂಕಣ. ಜನನ ಮರಣಗಳ ನೋಂದಣಿ ಅಧಿನಿಯಮ ಬಂದದ್ದು 1969ರಲ್ಲಿ. ಹಳ್ಳಿಗಳಲ್ಲಿ ಅದು ರೂಢಿಯಾಗಲು ಇನ್ನೂ ಬಹಳ ವರ್ಷಗಳು ಹಿಡಿದವು. ಅದಕ್ಕೆ ಮೊದಲು ಮಗುವನ್ನು ಶಾಲೆಗೆ ಕರೆತಂದ ತಾಯಿ "ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು" ಎನ್ನುತ್ತಿದ್ದಳು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡಿ, ಪ್ರವೇಶಕ್ಕೆ ಬೇಕಾದಷ್ಟು ವಯಸ್ಸನ್ನು ಹಿಂದಕ್ಕೆ ಎಣಿಸಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನದೂ ಹಾಗೆಯೇ. ನಮ್ಮ ತಾಯಿ ಹೇಳುವಂತೆ ನಾನು ಹುಟ್ಟಿದ್ದು ದೀಪಾವಳಿ ಕಳೆದ ವಾರ; ದಾಖಲೆಯಲ್ಲಿ 1-6-1959. ತಿಂಗಳ ಮೊದಲ ದಿನ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಹೀಗಾಗಿ 2019ರ ಮೇ 31ರಂದು, ಬೇಸಿಗೆ ರಜೆ ಮುಗಿದು ಮಕ್ಕಳು ಮರಳಿ ಬರುತ್ತಿದ್ದ ದಿನಗಳಲ್ಲಿ, ನಾನು ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಸೇವೆಯ ಐದು ತಿಂಗಳು ಒಂದು ಲೇಖನಿಯ ಗೀಟಿನಲ್ಲಿ ಹೋದವು. ಆ ಪ್ರಾಥಮಿಕ ಶಾಲೆಯ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಾಗೆ ಬರೆದುಕೊಳ್ಳದಿದ್ದರೆ ನಾನು ಓದುತ್ತಲೇ ಇರಲಿಲ್ಲವೇನೋ.

ತಿದ್ದಿಸಿಕೊಳ್ಳಬಾರದಾಗಿತ್ತೇ ಎಂದು ಮಕ್ಕಳು ಕೇಳುತ್ತಾರೆ. ರಾಜ್ಯ ನೌಕರರ ವಯಸ್ಸಿನ ನಿರ್ಧಾರಕ್ಕಾಗಿ 1974ರಲ್ಲಿ ಬಂದ ಅಧಿನಿಯಮದಂತೆ, ಸೇವಾ ಪುಸ್ತಕದಲ್ಲಿ ದಿನಾಂಕ ದಾಖಲಾದ 3 ವರ್ಷಗಳೊಳಗೆ ಕೇಳಿಕೊಳ್ಳಬೇಕು. ಆ ಮೇಲೆ ಕೇಳುವ ಹಾಗಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷವೇ ನಮ್ಮ ಗುಮಾಸ್ತರು ಇದನ್ನು ನನಗೆ ಹೇಳಿದ್ದರು. "ಮೇಷ್ಟ್ರೇ, ಜೂನ್ ಒಂದು ಅಂತಿದೆ. ನಿಜವೋ, ಮೇಷ್ಟ್ರು ಬರೆದದ್ದೋ? ಆಧಾರ ಏನಾದರೂ ಇದ್ದರೆ ಈಗಲೇ ತನ್ನಿ, ಆಮೇಲೆ ನನ್ನ ಕೈಲಿಲ್ಲ." ಇಪ್ಪತ್ತಾರು ವರ್ಷದವನಿಗೆ ನಿವೃತ್ತಿಯ ಚಿಂತೆ ಎಲ್ಲಿಂದ ಬರಬೇಕು? ನಕ್ಕು ಸುಮ್ಮನಾದೆ.

ಅವರ ಕೊಠಡಿ ನಿಮಗೆ ನೆನಪಿರಬಹುದು. ಮುಖ್ಯೋಪಾಧ್ಯಾಯರ ಕೋಣೆಗೆ ಹೊಂದಿಕೊಂಡ ಉದ್ದನೆಯ ಕತ್ತಲು ಕೋಣೆ, ಎರಡು ಬೀರು, ಶುಲ್ಕ ಕಟ್ಟುವ ಕಿಟಕಿ. ಸಂಬಳದ ಬಿಲ್ಲನ್ನು ಕೈಯಲ್ಲೇ ಬರೆದು ಉಪ ಖಜಾನೆಗೆ ಒಯ್ಯುವವರು ಅವರೇ. ಆಕ್ಷೇಪಣೆ ಹಾಕಿ ಹಿಂದಕ್ಕೆ ಕೊಟ್ಟರೆ ಮತ್ತೆ ಬರೆದು ಮತ್ತೆ ಹೊತ್ತುಕೊಂಡು ಹೋಗಬೇಕು. ಹಣ ಬಂದ ಸಂಜೆ ಬಟವಾಡೆ ಪಟ್ಟಿಯಲ್ಲಿ ರೆವಿನ್ಯೂ ಸ್ಟ್ಯಾಂಪಿನ ಮೇಲೆ ನಮ್ಮ ಸಹಿ ಪಡೆದು, ನೋಟುಗಳನ್ನು ಎರಡು ಸಲ ಎಣಿಸಿ ಕೊಡುತ್ತಿದ್ದರು. ಸಂಬಳ ತಡವಾದರೆ ಉಪಾಧ್ಯಾಯರ ಕೊಠಡಿಯಲ್ಲಿ ನಾವು ಬೈದದ್ದು ಅವರನ್ನು. ಇನ್‌ಕ್ರಿಮೆಂಟು ಬಾರದಿದ್ದರೂ ಅವರನ್ನೇ. "ಕೊಕ್ಕೆ ಹಾಕುವ ಆಸಾಮಿ" ಎಂದು ನಾನೇ ಹೇಳಿದ್ದುಂಟು.

ಆ ಮಾತನ್ನು ನಾನು ಬಿಟ್ಟದ್ದು ಒಂದು ಘಟನೆಯಿಂದ. ಆಗ ನಾನು ಒಂಬತ್ತನೆಯ ತರಗತಿಯ ತರಗತಿ ಉಪಾಧ್ಯಾಯ. ನನ್ನ ತರಗತಿಯ ಹುಡುಗಿಯೊಬ್ಬಳು ದಸರಾ ರಜೆಯ ನಂತರ ಬರಲಿಲ್ಲ. ತಂದೆ ತಾಯಿಯ ಜೊತೆ ಕಬ್ಬು ಕಡಿಯಲು ಹೋದಳೆಂದು ಸುದ್ದಿ. ತಿಂಗಳು ಕಳೆಯಿತು. ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರುಹಾಜರಿ ಹಾಕಿ ಹಾಕಿ ಬೇಸತ್ತು, ಕೆಂಪು ಶಾಯಿಯಲ್ಲಿ ಆ ಹೆಸರನ್ನು ಹೊಡೆದು ಹಾಕಿದೆ. ಮೊದಲೇ ಅರವತ್ತೆಂಟು ಮಂದಿಯ ತರಗತಿ. ಒಂದು ಹೆಸರು ಕಡಿಮೆಯಾದರೆ ಒಳ್ಳೆಯದೇ ಎಂದೂ ಮನಸ್ಸಿನ ಮೂಲೆಯಲ್ಲಿ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ತಿಂಗಳ ಕೊನೆಯ ಹಾಜರಿ ಗೋಷ್ವಾರೆ ನೋಡುವಾಗ ಗುಮಾಸ್ತರು ಕರೆದರು. "ಟಿ.ಸಿ. ಕೇಳಿಕೊಂಡು ಯಾರಾದರೂ ಬಂದಿದ್ದರೋ?" ಇಲ್ಲವೆಂದೆ. "ಅರ್ಜಿ?" ಅದೂ ಇಲ್ಲವೆಂದೆ. "ಹಾಗಾದರೆ ಪ್ರವೇಶ ಪುಸ್ತಕದಲ್ಲಿ ನಾನು ಬಿಟ್ಟಳು ಅಂತ ಬರೆಯೋದಿಲ್ಲ ಮೇಷ್ಟ್ರೇ. ನೀವು ಹೊಡೆದದ್ದರ ಪಕ್ಕ ಮತ್ತೆ ಹೆಸರು ಬರೆದು ರುಜು ಹಾಕಿ." ನನಗೆ ಕೋಪ ಬಂದಿತು. ಬಿ.ಎಡ್. ಆದ ಉಪಾಧ್ಯಾಯನಿಗೆ ಗುಮಾಸ್ತನ ಅಪ್ಪಣೆಯೇ ಎಂದುಕೊಂಡೆ. ಆದರೂ ಬರೆದೆ. ಜನವರಿಯಲ್ಲಿ ಆ ಹುಡುಗಿ ಬಂದಳು. ಕೈ ತುಂಬ ಕಬ್ಬಿನ ಗರಿಯ ಗಾಯ. ಬಾಗಿಲಲ್ಲಿ ನಿಂತು, "ಸಾರ್, ನನ್ನ ಹೆಸರು ಇದೆಯಾ?" ಎಂದು ಕೇಳಿದಳು. ಇದೆ ಎಂದೆ. ಆ ವರ್ಷ ಪರೀಕ್ಷೆಗೆ ಕುಳಿತಳು, ಪಾಸಾದಳು. ಆಕೆ ಇದನ್ನು ಓದುತ್ತಿದ್ದರೆ ತನ್ನ ವಿಷಯವೆಂದು ಆಕೆಗೆ ತಿಳಿಯುತ್ತದೆ. ಅಮ್ಮಾ, ಆ ದಿನ ನಿನ್ನ ಹೆಸರನ್ನು ಉಳಿಸಿದವನು ನಾನಲ್ಲ.

ಎಸ್.ಎಸ್.ಎಲ್.ಸಿ. ನಾಮಿನಲ್ ರೋಲಿನ ಕಾಲದಲ್ಲಿ ಅವರು ಮನೆಗೆ ಹೋಗುತ್ತಿದ್ದುದೇ ಅಪರೂಪ. 1966ರಲ್ಲಿ ಸ್ಥಾಪನೆಯಾದ ಪರೀಕ್ಷಾ ಮಂಡಳಿಗೆ ಅಲ್ಲಿಂದ ಹೋದ ಹೆಸರೇ ಅಂಕಪಟ್ಟಿಯ ಹೆಸರು. ಅಂಕಪಟ್ಟಿಯ ಹೆಸರೇ ಕೆಲಸ, ಪಾಸ್‌ಪೋರ್ಟು, ಪಿಂಚಣಿಗಳ ಹೆಸರು. ಅವರು ಓದುವುದು, ನಾನು ಹೊಂದಿಸಿ ನೋಡುವುದು. ದಿನಾಂಕವನ್ನು ಅಂಕಿಗಳಲ್ಲಿ ಓದಿ, ಅಕ್ಷರಗಳಲ್ಲಿ ಇನ್ನೊಮ್ಮೆ ಓದುತ್ತಿದ್ದರು. ಕರೆಂಟು ಹೋದರೆ ಮೇಣದ ಬತ್ತಿ.

ಟೈಪ್‌ರೈಟರು, ನುಡಿ ತಂತ್ರಾಂಶ, ಸಂಬಳಕ್ಕೆ ಎಚ್.ಆರ್.ಎಂ.ಎಸ್., ಮಕ್ಕಳ ವಿವರಕ್ಕೆ ಸ್ಯಾಟ್ಸ್, ಇವೆಲ್ಲ ಒಂದೊಂದಾಗಿ ಬಂದವು. ಗುಮಾಸ್ತ ಎಂಬ ಹೆಸರು ಸರ್ಕಾರಿ ಭಾಷೆಯಲ್ಲಿ ಹೋಗಿ ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಎಂದಾಯಿತು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅಂಥವರೂ ಇಲ್ಲ. ಎಲ್ಲವನ್ನೂ ಮುಖ್ಯ ಶಿಕ್ಷಕರೇ ಪಾಠದ ನಡುವೆ ಮಾಡಬೇಕು. ಗಣಕದಲ್ಲಿ ಹೆಸರನ್ನು ತೆಗೆಯಲು ಕೆಂಪು ಶಾಯಿ ಬೇಕಾಗಿಲ್ಲ. ಆದರೆ ತೆಗೆಯುವ ಮೊದಲು "ಅರ್ಜಿ ಬಂದಿದೆಯೋ" ಎಂದು ಕೇಳುವವರು ಯಾರೆಂಬುದು ನನಗೆ ಕಾಣುತ್ತಿಲ್ಲ.

ನಮ್ಮ ಗುಮಾಸ್ತರು 58ಕ್ಕೇ ನಿವೃತ್ತರಾದರು. 2008ರಲ್ಲಿ 60 ಆಗುವ ಹೊತ್ತಿಗೆ ಅವರಿಗೆ ಅದರಿಂದ ಪ್ರಯೋಜನವಿರಲಿಲ್ಲ. ಈಗ ಅವರಿಲ್ಲ. ಸ್ಮರಣ ಸಂಚಿಕೆಗೆ ಒಂದು ಅನುಬಂಧವನ್ನು ಅಚ್ಚು ಹಾಕಿಸಲು ಸಮಿತಿಯವರು ಒಪ್ಪಿದ್ದಾರೆ. ಅದಕ್ಕೆ ಅವರ ಭಾವಚಿತ್ರ ಬೇಕಾಗಿದೆ. ಅವರ ಮನೆಯಲ್ಲಿರುವುದು ಮದುವೆಯ ಕಾಲದ್ದೊಂದೇ. 1988ರ ಹತ್ತನೆಯ ತರಗತಿಯ ಗುಂಪು ಚಿತ್ರದಲ್ಲಿ ಹಿಂದಿನ ಸಾಲಿನ ಬಲತುದಿಯಲ್ಲಿ ಅವರು ನಿಂತಿದ್ದ ನೆನಪು. ನನ್ನ ಪ್ರತಿಯ ಆ ಮೂಲೆಯನ್ನು ಗೆದ್ದಲು ತಿಂದಿದೆ. ನಿಮ್ಮಲ್ಲಿ ಯಾರ ಬಳಿಯಾದರೂ ಆ ಚಿತ್ರ ಸುಸ್ಥಿತಿಯಲ್ಲಿದ್ದರೆ ಒಂದು ಪ್ರತಿ ಮಾಡಿಸಿ ಕಳುಹಿಸಿಕೊಡಿರಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರುಗಳ ಪಟ್ಟಿ ಇದ್ದರೆ ಅದರ ಪ್ರತಿಯನ್ನೂ ಮಾಡಿಸಿರಿ. ಅದನ್ನೂ ಬರೆದವರು ಅವರೇ.