ಕನ್ನಡ ಪ್ರಾಟೆಸ್ಟಂಟ್ ಸಭೆಗಳ ಸ್ತ್ರೀ ಸಂಘಗಳು: ಪಾತ್ರಪರಿವರ್ತನೆಯ ಕೆಲವು ನೆಲೆಗಳು

ಕನ್ನಡ ನಾಡಿನ ಮಿಷನ್ ಚರಿತ್ರೆಯನ್ನು ಕಿಟೆಲ್ ನಿಘಂಟು, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳ ಮೂಲಕ ಬರೆಯುವ ರೂಢಿ ಬಲವಾಗಿದೆ. ಸಭೆಗಳ ಸ್ತ್ರೀ ಸಂಘಗಳು ಈ ಬರವಣಿಗೆಯ ಅಂಚಿನಲ್ಲಿ ಉಳಿದಿವೆ. ಸ್ತ್ರೀಯರು ಸಭೆಯ ಆಡಳಿತದೊಳಕ್ಕೆ ಬಂದುದನ್ನು ನೇರ ಮುನ್ನಡೆಯೆಂದು ಕಾಣುವುದು ಎಷ್ಟು ಸರಿ ಎಂಬುದು ಇಲ್ಲಿನ ಪ್ರಶ್ನೆ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಮೇಲುಜಾತಿಯ ಮನೆಗಳ ಒಳಾಂಗಣ ಪುರುಷ ಮಿಷನರಿಗಳಿಗೆ ಮುಚ್ಚಿತ್ತು. 1840ರಲ್ಲಿ ಬೆಂಗಳೂರಿನ ಲಂಡನ್ ಮಿಷನ್ನಿನ ಶ್ರೀಮತಿ ಸಿವೆಲ್ ಮತ್ತು ಶ್ರೀಮತಿ ರೈಸ್ ಕನ್ನಡ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. (ಇಬ್ಬರೂ ಗಂಡಂದಿರ ಹೆಸರಿನಲ್ಲಿಯೇ ದಾಖಲಾಗಿರುವುದು ಗಮನಾರ್ಹ.) ಮರುವರ್ಷ ಬಾಸೆಲ್ ನಗರದಲ್ಲಿಯೂ, 1858ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ನರಲ್ಲಿಯೂ ಸ್ತ್ರೀಶಿಕ್ಷಣಕ್ಕಾಗಿ ಮಹಿಳಾ ಸಮಿತಿಗಳು ಹುಟ್ಟಿದವು. ಹಣ ಕೂಡಿಸುವುದು, ಶಿಕ್ಷಕಿಯರನ್ನು ಕಳುಹಿಸುವುದು ಅವುಗಳ ಕೆಲಸ. ಅಂದರೆ ಈ ಸ್ತ್ರೀಯರ ಕೈಯಲ್ಲಿ ಒಂದು ಪ್ರತ್ಯೇಕ ಥೈಲಿಯಿತ್ತು.

ಥೈಲಿ ಯೂರೋಪಿನ ಸ್ತ್ರೀಯರದು. ದುಡಿಮೆ ಬಹುಪಾಲು ಸ್ಥಳೀಯರದು. ಮನೆಮನೆಗೆ ಹೋಗಿ ಓದು, ಹೊಲಿಗೆ ಕಲಿಸುತ್ತ ವೇದಪಾಠ ಹೇಳುತ್ತಿದ್ದ 'ಬೈಬಲ್ ಸ್ತ್ರೀ'ಯರಲ್ಲಿ ವಿಧವೆಯರೂ ಇದ್ದರು. ಅಲ್ಪ ಸಂಬಳದ ಈ ಕೆಲಸ ಅವರಿಗೆ ಸಂಸಾರದಾಚೆಯ ಒಂದು ಸ್ಥಾನವನ್ನು ಕೊಟ್ಟಿತು, ಸಭೆಯ ಹಿರಿಯರ ಸಾಲಿನಲ್ಲಿ ಕುಳ್ಳಿರಿಸಲಿಲ್ಲ. ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಸ್ತ್ರೀಯರನ್ನೂ ಮಕ್ಕಳನ್ನೂ ಉದ್ದೇಶಿಸಿಯೇ ಆರಂಭವಾಯಿತು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೈಸೂರಿನ ವೆಸ್ಲಿಯನ್, ಬೆಂಗಳೂರಿನ ಲಂಡನ್ ಮಿಷನ್ ಸಭೆಗಳು ಅದರಲ್ಲಿ ಸೇರಿದವು. 1952ರಲ್ಲಿ ಕೆರಲ್ ಗ್ರಹಾಂ ಮುಂದಾಳತ್ವದಲ್ಲಿ ಸಹೋದರಿಯರ ಸಂಘ ಆರಂಭವಾಯಿತು. ಬೆಂಗಳೂರಿನ ವಿಶ್ರಾಂತಿ ನಿಲಯ ಅದರ ಕೇಂದ್ರವಾಯಿತು. 1976ರಲ್ಲಿ ಎಲಿಜಬೆತ್ ಪಾಲ್ ಗುರುದೀಕ್ಷೆ ಪಡೆದರು. 2013ರಲ್ಲಿ ಎಗ್ಗೋಣಿ ಪುಷ್ಪಲಲಿತಾ ಆಂಧ್ರದ ನಂದ್ಯಾಲದ ಬಿಷಪ್ಪರಾದರು.

ಈ ಏರಿಕೆಯ ಮಗ್ಗುಲಲ್ಲೇ ಒಂದು ಇಳಿತವೂ ಇದೆ. ಮಿಷನ್ನುಗಳು ಹಿಂದೆ ಸರಿದಂತೆ ಶಾಲೆ, ಆಸ್ಪತ್ರೆಗಳ ಒಡೆತನ ಧರ್ಮಪ್ರಾಂತಗಳ ಮಂಡಲಿಗಳಿಗೆ ಸಂದಿತು. ಬಹುಕಾಲ ಅವು ಪುರುಷಪ್ರಧಾನವಾಗಿದ್ದವು. ಊರಿನ ಸ್ತ್ರೀ ಸಂಘಕ್ಕೆ ಉಳಿದದ್ದು ಪ್ರಾರ್ಥನಾಕೂಟ, ರೋಗಿಗಳ ಭೇಟಿ, ಸುಗ್ಗಿಹಬ್ಬದ ಮಾರಾಟದ ಕಾಸು. ಇದನ್ನು ಗೌಣವೆಂದು ತಳ್ಳಿಹಾಕಲಾಗದು. ಲೆಕ್ಕ ಬರೆಯುವುದು, ನಡಾವಳಿ ದಾಖಲಿಸುವುದು, ಅಧ್ಯಕ್ಷತೆ ವಹಿಸುವುದು ಅನೇಕ ಗೃಹಿಣಿಯರಿಗೆ ಅಭ್ಯಾಸವಾದದ್ದು ಇಲ್ಲಿಯೇ. ದೀಕ್ಷೆ ಒಬ್ಬೊಬ್ಬರಿಗೆ ಸಂದ ಅಧಿಕಾರ; ಸಂಘದ ಥೈಲಿ ಕೂಟಕ್ಕೆ ಸಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಮಿಷನ್ ವಾರ್ಷಿಕ ವರದಿಗಳನ್ನು ಮಾತ್ರ ನೆಚ್ಚಿದ ಸಂಶೋಧಕರಿಗೆ ಮೊದಲನೆಯದರ ಸುಳಿವು ಸಿಕ್ಕೀತು. ಎರಡನೆಯದಕ್ಕೆ ಸಂಘಗಳ ಕನ್ನಡ ನಡಾವಳಿ ಪುಸ್ತಕಗಳನ್ನೇ ಹುಡುಕಬೇಕು.