ಏಜೆಂಟನ ಹೆಸರು, ಏಜೆಂಟನ ಮನೆ

ಮತ ಹಾಕಲು ಬಂದವರು ಪಟ್ಟಿಯಲ್ಲಿರುವ ವ್ಯಕ್ತಿಯಲ್ಲ ಎಂಬ ಅನುಮಾನ ಬಂದರೆ, ಮತಗಟ್ಟೆಯ ಏಜೆಂಟ್ ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬಹುದು. 1961ರ ಚುನಾವಣಾ ನಿಯಮಗಳಲ್ಲಿರುವ ಈ ಅವಕಾಶ ಒಂದು ನಂಬಿಕೆಯ ಮೇಲೆ ನಿಂತಿದೆ: ಏಜೆಂಟನಿಗೆ ಊರಿನ ಮುಖಗಳು ಗೊತ್ತು. ಭಾವಚಿತ್ರವಿರುವ ಗುರುತಿನ ಚೀಟಿ ಬಂದದ್ದು 1993ರಲ್ಲಿ. 1952ರಲ್ಲಿ ಎಸ್. ನಿಜಲಿಂಗಪ್ಪನವರನ್ನು ಲೋಕಸಭೆಗೆ ಕಳಿಸಿದ ಚಿತ್ರದುರ್ಗದಲ್ಲಿ ಮುಖಪರಿಚಯವೇ ಗುರುತಿನ ಚೀಟಿ. ಜೋಗಿಮಟ್ಟಿಯ ಆಸುಪಾಸಿನ ಹಳ್ಳಿಗಳಲ್ಲಿ ಇವತ್ತಿಗೂ ಯಾರು ಯಾರ ಏಜೆಂಟ್ ಎಂಬುದು ಗುಟ್ಟಲ್ಲ. ಹಾಗಿದ್ದಮೇಲೆ ಅವನ ವಿವರಗಳನ್ನೆಲ್ಲ ಲೋಕಕ್ಕೇ ಪ್ರಕಟಿಸಿದರೆ ತಪ್ಪೇನು?

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಬ್ರಿಟನ್ನಿನ ಚುನಾವಣೆಗಳಲ್ಲಿ ಲಂಚದ ಹಣ ಹೆಸರಿಲ್ಲದ ಕೈಗಳ ಮೂಲಕ ಹರಿಯುತ್ತಿತ್ತು. 1883ರ ಭ್ರಷ್ಟಾಚಾರ ತಡೆ ಕಾನೂನು ಪ್ರತಿ ಅಭ್ಯರ್ಥಿಗೂ ಒಬ್ಬ ಚುನಾವಣಾ ಏಜೆಂಟ್ ಇರಬೇಕೆಂದಿತು. ಅವನ ಹೆಸರು, ವಿಳಾಸಗಳನ್ನು ಚುನಾವಣಾಧಿಕಾರಿ ಸಾರ್ವಜನಿಕವಾಗಿ ತಿಳಿಸಬೇಕಿತ್ತು. ಹಣಕ್ಕೆ ಲೆಕ್ಕ ಕೊಡುವವನು ಯಾರು, ನೋಟಿಸು ಮುಟ್ಟಿಸಬೇಕಾದ್ದು ಎಲ್ಲಿಗೆ ಎಂಬುದು ಗೊತ್ತಿರಲಿ ಎಂಬುದಷ್ಟೇ ಉದ್ದೇಶ. ಅದಕ್ಕೆ ಒಂದು ಕಚೇರಿ ಸಾಕಿತ್ತು.

ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಈ ಎಳೆ ಇದೆ. ಖರ್ಚಿನ ಲೆಕ್ಕವನ್ನು ಅಭ್ಯರ್ಥಿ ಅಥವಾ ಅವನ ಚುನಾವಣಾ ಏಜೆಂಟ್ ಇಡಬೇಕು. ಸರ್ಕಾರಿ ನೌಕರ ಯಾರದೇ ಏಜೆಂಟನಾದರೆ, ಅದು ಮತಗಟ್ಟೆಯಲ್ಲಾಗಲಿ ಎಣಿಕೆಯಲ್ಲಾಗಲಿ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. ಏಜೆಂಟರ ಹೆಸರೇ ಗೊತ್ತಿಲ್ಲದಿದ್ದರೆ ಈ ನಿಯಮ ಮುರಿದದ್ದನ್ನು ಜನ ಹೇಗೆ ಕಂಡುಹಿಡಿಯಬೇಕು? ಆದ್ದರಿಂದ ಹೆಸರು ಪ್ರಕಟವಾಗಲೇಬೇಕು.

ಮನೆಯ ವಿಳಾಸ, ಫೋನ್ ನಂಬರಿನ ಮಾತು ಬೇರೆ. ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ ಹಾಳೆಯನ್ನು ಓದುವವರು ಆ ಊರಿನವರು. ಅಂತರ್ಜಾಲದಲ್ಲಿ ಅದೇ ಹಾಳೆ ಯಾರ ಕೈಗೂ, ಯಾವ ಕೆಲಸಕ್ಕೂ ಸಿಗುತ್ತದೆ. ಮತದಾರರ ಮಾಹಿತಿಯ ವಿಷಯದಲ್ಲಿ ಬೆಂಗಳೂರು ಇದನ್ನು 2022ರ ನವೆಂಬರಿನಲ್ಲಿ ಕಂಡಿತು. ಮತದಾರರ ಜಾಗೃತಿಗೆಂದು ಪಾಲಿಕೆಯ ಅನುಮತಿ ಪಡೆದಿದ್ದ ಚಿಲುಮೆ ಸಂಸ್ಥೆ ಜನರ ಖಾಸಗಿ ವಿವರ ಸಂಗ್ರಹಿಸಿತೆಂಬ ಆರೋಪ ಬಂತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಿತು. ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿ ಇನ್ನೊಂದಕ್ಕೆ ಬಳಕೆಯಾಗಬಾರದು ಎಂಬುದೇ ಅಲ್ಲಿನ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದಲೇ.

ಬ್ರಿಟನ್ ತಾನೇ 2009ರ ಕಾನೂನಿನಲ್ಲಿ, ಸಂಸತ್ತಿನ ಅಭ್ಯರ್ಥಿಗಳು ಮನೆಯ ವಿಳಾಸವನ್ನು ಮತಪತ್ರದಲ್ಲಿ ಕೊಡದಿರಲು ಅವಕಾಶ ಮಾಡಿತು. ಅಭ್ಯರ್ಥಿಗೇ ಇಷ್ಟು ರಕ್ಷಣೆ ಸಲ್ಲುವುದಾದರೆ ಏಜೆಂಟನಿಗೂ ಸಲ್ಲಬೇಕು. ಸೋತ ಅಭ್ಯರ್ಥಿ ಮುಂದಿನ ಚುನಾವಣೆಗೆ ಬೇರೆ ಕ್ಷೇತ್ರ ಹುಡುಕಿಕೊಳ್ಳಬಹುದು. ಅವನ ಪರವಾಗಿ ಮತಗಟ್ಟೆಯಲ್ಲಿ ಕೂತವನು ಮಾತ್ರ ಮರುದಿನವೂ ಗೆದ್ದವರ ಬೀದಿಯಲ್ಲೇ ನೀರಿಗೆ ಹೋಗಬೇಕು. ಅವನು ಬಲವಿಲ್ಲದ ಜಾತಿಯವನೋ ಬಡವನೋ ಆಗಿದ್ದರೆ ಪಟ್ಟಿಯ ಒಂದು ಸಾಲು ಅವನನ್ನು ಮುಂದಿನ ಸಲ ಮನೆಯಲ್ಲೇ ಕೂರಿಸಬಹುದು.

ಹೆಸರು, ಮತಗಟ್ಟೆ, ಯಾರ ಪರ, ಸಂಪರ್ಕಕ್ಕೆ ಪಕ್ಷದ ಅಥವಾ ಅಭ್ಯರ್ಥಿಯ ಕಚೇರಿ: ಇಷ್ಟು ಪ್ರಕಟವಾಗಲಿ. ಮನೆಯ ವಿಳಾಸ, ಫೋನ್, ಗುರುತಿನ ಚೀಟಿಯ ಸಂಖ್ಯೆ ಚುನಾವಣಾಧಿಕಾರಿಯ ಕಡತದಲ್ಲೇ ಇರಲಿ. ಏಜೆಂಟನನ್ನು ಪ್ರಶ್ನಿಸಲು ಅಷ್ಟು ಸಾಕು, ಅವನ ಮನೆ ಬಾಗಿಲು ಬಡಿಯಲು ಅಷ್ಟು ಸಾಲದು.