ಕಡಿದ ಮರಕ್ಕೆ ಹೊಣೆ ಯಾರು? ಸ್ಮೃತಿಗಳಿಂದ ನ್ಯಾಯ ಸಂಹಿತೆಯವರೆಗೆ

ಪರರ ಮರ ಕಡಿದವನಿಗೆ ದಂಡ ವಿಧಿಸುವ ಕಾನೂನು ಈ ನೆಲದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ನಗರದ ಉಪವನಗಳಲ್ಲಿರುವ ಹೂ, ಹಣ್ಣು, ನೆರಳಿನ ಮರಗಳ ಚಿಗುರು ಚಿವುಟಿದರೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24 ಎಂದು ದಂಡ ಗೊತ್ತುಮಾಡಿದೆ. ಕಾಂಡಕ್ಕೆ ಕೈಯಿಟ್ಟರೆ, ಬುಡಸಮೇತ ಕಿತ್ತರೆ ದಂಡ ಇನ್ನೂ ಹಲವು ಪಟ್ಟು ಏರುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಇದೇ ಬಗೆಯ ಏರಿಕೆಯಿದ್ದು, ಗಡಿಯಲ್ಲಿ, ದೇವಾಲಯದ ಬಳಿ ಬೆಳೆದ ಮರಕ್ಕೆ ದಂಡ ಇಮ್ಮಡಿಯಾಗುತ್ತದೆ. ಗಡಿಮರಕ್ಕೆ ಸಿಕ್ಕ ಈ ಮಹತ್ವಕ್ಕೆ ಕಾರಣವುಂಟು. ಆಲ, ಅಶ್ವತ್ಥ, ಮುತ್ತುಗ, ಬೂರುಗದಂಥ ಮರಗಳನ್ನು ಗಡಿಯ ಗುರುತಾಗಿ ನೆಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಅಂಥ ಮರ ಹೋದರೆ ಗಡಿಯ ಸಾಕ್ಷಿಯೇ ಹೋದಂತೆ.

ಆದರೆ ದಂಡ ರಾಜನ ಬೊಕ್ಕಸಕ್ಕೆ ಸೇರುತ್ತದೆ. ಮರ ಕಳೆದುಕೊಂಡವನ ಗತಿಯೇನು? ಮನುಸ್ಮೃತಿಯ ಎಂಟನೆಯ ಅಧ್ಯಾಯ ಇದಕ್ಕೆ ನೇರ ಉತ್ತರ ಕೊಡುತ್ತದೆ: ಪರರ ವಸ್ತುವನ್ನು ತಿಳಿದೋ ತಿಳಿಯದೆಯೋ ಹಾಳುಮಾಡಿದವನು ಒಡೆಯನಿಗೆ ಸಮಾಧಾನವಾಗುವಂತೆ ನಷ್ಟ ತುಂಬಬೇಕು, ಅಷ್ಟನ್ನೇ ರಾಜನಿಗೂ ತೆರಬೇಕು. ಒಡೆಯನ ನಷ್ಟವನ್ನೂ ಪ್ರಭುತ್ವದ ದಂಡವನ್ನೂ ಒಂದೇ ವಿಧಿಯಲ್ಲಿ ಕೂಡಿಸಿದ ಈ ನ್ಯಾಯದೃಷ್ಟಿ ಮುಂದೆ ಎರಡು ಹೋಳಾದುದೇ ಈ ಇತಿಹಾಸದ ಮುಖ್ಯ ತಿರುವು ಎಂಬುದು ನನ್ನ ವಾದ.

ಒಂದು ಹೋಳು ಕ್ರಿಮಿನಲ್ ಕಾನೂನಿಗೆ ಹೋಯಿತು. ನೆಲಕ್ಕೆ ಅಂಟಿಕೊಂಡ ವಸ್ತುವನ್ನು ಕದಿಯಲಾಗದು, ಬೇರ್ಪಡಿಸಿದ ಕ್ಷಣದಿಂದ ಅದು ಕಳವಿನ ವಸ್ತುವಾಗಬಲ್ಲದು ಎಂದು 1860ರ ಭಾರತೀಯ ದಂಡ ಸಂಹಿತೆಯ 378ನೇ ಕಲಂ ಸ್ಪಷ್ಟಪಡಿಸಿತು. ಅದರ ಮೊದಲ ಉದಾಹರಣೆಯೇ ಪರರ ಜಮೀನಿನ ಮರ ಕಡಿದವನದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಆ ಉದಾಹರಣೆಯನ್ನು ಉಳಿಸಿಕೊಂಡಿದೆ. ಆದರೆ ಕಳವಿಗೆ ಅಪ್ರಾಮಾಣಿಕ ಉದ್ದೇಶ ಸಾಬೀತಾಗಬೇಕು. ‘ಗಡಿ ಗೊತ್ತಾಗಲಿಲ್ಲ ಸ್ವಾಮಿ’ ಎಂದು ಪಕ್ಕದ ನಿವೇಶನದ ಗುತ್ತಿಗೆದಾರ ಹೇಳಿ, ಅದು ನಿಜವೂ ಆಗಿದ್ದರೆ ಕಳವಿನ ಆರೋಪ ನಿಲ್ಲುವುದಿಲ್ಲ.

ಇನ್ನೊಂದು ಹೋಳಾದ ಸಿವಿಲ್ ಕಾನೂನಿನಲ್ಲಿ ಆ ಸಬೂಬು ನಡೆಯದು. ನಮ್ಮ ಸಿವಿಲ್ ಹೊಣೆಯ ತತ್ವಗಳು ಬಹುಮಟ್ಟಿಗೆ ಇಂಗ್ಲಿಷ್ ತೀರ್ಪುಗಳನ್ನು ಆಧರಿಸಿವೆ. 1681ರ ಬೇಸ್ಲಿ ವಿರುದ್ಧ ಕ್ಲಾರ್ಕ್‌ಸನ್ ಪ್ರಕರಣದಲ್ಲಿ ಒಬ್ಬಾತ ತನ್ನದೆಂದು ತಪ್ಪಾಗಿ ತಿಳಿದು ನೆರೆಯವನ ಹುಲ್ಲು ಕೊಯ್ದಿದ್ದ. ತಪ್ಪು ತಿಳಿವಳಿಕೆ ಅವನನ್ನು ಕಾಪಾಡಲಿಲ್ಲ. ಇಂಗ್ಲಿಷ್ ನ್ಯಾಯಾಲಯ ಅವನನ್ನೇ ಹೊಣೆಮಾಡಿತು. ತಿಳಿಯದೆ ಮಾಡಿದರೂ ತುಂಬಿಕೊಡಬೇಕೆಂಬ ಮನುವಿನ ವಿಧಿಗೂ ಇದಕ್ಕೂ ಸಂಬಂಧವಿಲ್ಲ. ಎರಡು ಪರಂಪರೆಗಳು ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ನಿಲುವು ತಲುಪಿದ್ದು ಗಮನಾರ್ಹ.

ಇನ್ನು ಗುತ್ತಿಗೆದಾರನನ್ನು ಮುಂದೆ ಬಿಟ್ಟು ತಾನು ಹಿಂದೆ ಸರಿಯುವ ನೆರೆಯವನ ಮಾತು. ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ ಕೆಲಸ ಕೊಟ್ಟವನು ಸಾಮಾನ್ಯವಾಗಿ ಹೊಣೆಯಲ್ಲ. ಆದರೆ ಒಪ್ಪಿಸಿದ ಕೆಲಸವೇ ಅಕ್ರಮವಾಗಿದ್ದರೆ ಆ ರಕ್ಷಣೆ ಇಲ್ಲವೆಂದು 1853ರ ಎಲ್ಲಿಸ್ ವಿರುದ್ಧ ಶೆಫೀಲ್ಡ್ ಗ್ಯಾಸ್ ಕಂಪನಿ ಪ್ರಕರಣ ತೀರ್ಮಾನಿಸಿತು. ‘ಆ ಮರ ತೆಗೆದುಬಿಡು’ ಎಂದು ಬೆರಳು ತೋರಿದ ನೆರೆಯವನು ಕಡಿದವನಷ್ಟೇ ಹೊಣೆಗಾರ. ಗಡಿ ದಾಟಿ ಚಾಚಿದ ಕೊಂಬೆಯನ್ನು ತನ್ನ ಕಡೆಯಷ್ಟು ಕತ್ತರಿಸುವ ಹಕ್ಕು ಅವನಿಗುಂಟು. 1895ರ ಲೆಮನ್ ವಿರುದ್ಧ ವೆಬ್ ತೀರ್ಪು ಅದನ್ನು ಒಪ್ಪಿದೆ. ಬುಡಕ್ಕೆ ಕೊಡಲಿ ಹಾಕುವ ಹಕ್ಕು ಅದರಲ್ಲಿ ಸೇರಿಲ್ಲ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮೂರನೆಯ ಪಕ್ಷವಾಗಿ ವೃಕ್ಷಾಧಿಕಾರಿಯನ್ನು ತಂದಿತು. ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, ಸ್ವಂತ ಜಮೀನಿನ ಮರ ಕಡಿಯಲೂ ಅವರ ಅನುಮತಿ ಬೇಕು. ಮರಕ್ಕೆ ಇದು ಒಳ್ಳೆಯದೇ. ಆದರೆ ಅಲ್ಲಿ ದೂರು ಕೊಟ್ಟ ಮಾತ್ರಕ್ಕೆ ಒಡೆಯನ ನಷ್ಟ ತುಂಬುವುದಿಲ್ಲ. ಅದಕ್ಕೆ 1963ರ ಕಾಲಮಿತಿ ಕಾಯ್ದೆಯ 87ನೇ ಅನುಚ್ಛೇದದಂತೆ ಅತಿಕ್ರಮಣ ನಡೆದ ದಿನದಿಂದ ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬೇಕು.

ಆ ದಾವೆಯಲ್ಲಿ ಮರದ ಬೆಲೆ ಕಟ್ಟುವುದೇ ಕಷ್ಟದ ಕೆಲಸ. ಸೌದೆಯ ದರದಲ್ಲಿ ಅಳೆದರೆ ಒಡೆಯನಿಗೆ ಘೋರ ಅನ್ಯಾಯ. ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿಯೊಂದು ಮರದ ಮೌಲ್ಯವನ್ನು ವರ್ಷಕ್ಕೆ 74,500 ರೂಪಾಯಿ ಎಂದು ಅಂದಾಜಿಸಿದ ವರದಿ 2021ರಲ್ಲಿ ಹೊರಬಂತು. ತಾಜ್ ಸಂರಕ್ಷಿತ ವಲಯದ ಖಾಸಗಿ ಜಮೀನಿನಲ್ಲಿ ಅಕ್ರಮವಾಗಿ ಉರುಳಿಸಿದ 454 ಮರಗಳಿಗೆ 2025ರಲ್ಲಿ ಅದೇ ನ್ಯಾಯಾಲಯ ಮರವೊಂದಕ್ಕೆ 1 ಲಕ್ಷ ರೂಪಾಯಿ ದಂಡವನ್ನು ಎತ್ತಿಹಿಡಿಯಿತು. ಪರಿಸರದ ಹಾನಿಗೆ ಬಂದಿರುವ ಈ ಅಳತೆಗೋಲನ್ನು, ಪಕ್ಕದವರ ಕೊಡಲಿಯಿಂದ ಮರ ಕಳೆದುಕೊಂಡವರ ಪರಿಹಾರದ ಲೆಕ್ಕಕ್ಕೂ ವಕೀಲರು ಧೈರ್ಯವಾಗಿ ಮಂಡಿಸಬೇಕು.